ಬಟ್ಟೆ ಯಾರದು, ಕತ್ತರಿ ಯಾರದು?

ಹೊಲಿಗೆ ಯಂತ್ರ ಹಂಚುವ ಸಮಾರಂಭಗಳಿಗೆ ನಮ್ಮ ಜಿಲ್ಲೆಯಲ್ಲಿ ಬರವೆಂಬುದಿಲ್ಲ. ಮಳೆಗೆ ಬರ ಬಿದ್ದೀತು, ಕೂಲಿಗೆ ಬರ ಬಿದ್ದೀತು, ಯಂತ್ರ ಹಂಚುವ ಪೆಂಡಾಲಿಗೆ ಮಾತ್ರ ಎಂದೂ ಬಿದ್ದುದಿಲ್ಲ. ಸಾಲಾಗಿ ಯಂತ್ರಗಳು, ಸಾಲಾಗಿ ತಾಯಂದಿರು, ನಡುವೆ ಮುಖಂಡರು, ಎದುರಿಗೆ ಫೋಟೋದವರು. ಕೊನೆಗೊಂದು ಉಪದೇಶ: ನಿಮ್ಮ ಬಟ್ಟೆ ನೀವೇ ಹೊಲಿದುಕೊಳ್ಳಿರಿ, ಸ್ವಾವಲಂಬಿಗಳಾಗಿರಿ, ಸರಳವಾಗಿ ಬಾಳಿರಿ!

ಉಪದೇಶ ಮಾಡಿದವರ ಅಂಗಿಯನ್ನು ಹೊಲಿದವರು ಯಾರೆಂದು ನಾವು ಕೇಳುವುದಿಲ್ಲ. ನಾವು ಕೇಳುವುದು ಮೂರೇ ಮಾತು. ಯಂತ್ರ ಕೊಟ್ಟಿರಿ, ಸರಿ; ಬಟ್ಟೆ ಎಲ್ಲಿಂದ? ಕೆಲಸ ಎಲ್ಲಿಂದ? ಕೂಲಿ ಎಷ್ಟು? ಈ ಮೂರಕ್ಕೂ ಉತ್ತರವಿಲ್ಲದೆ ಕೊಟ್ಟ ಯಂತ್ರ ಮನೆಯ ಮೂಲೆಯಲ್ಲಿ ದೀಪ ಇಡುವ ಮೇಜಾಗುತ್ತದೆ. ಇದು ಮುಂಡರಗಿಯಲ್ಲಿ, ಶಿರಹಟ್ಟಿಯಲ್ಲಿ ಕಣ್ಣಿದ್ದವರಿಗೆಲ್ಲ ಗೊತ್ತಿದ್ದ ಮಾತು.

ಹಾಗೆಂದು ನಾವು ಹೊಲಿಗೆಯ ವೈರಿಗಳಲ್ಲ. ತನ್ನ ಅಳತೆಗೆ ತಾನೇ ಬಟ್ಟೆ ಕತ್ತರಿಸಬಲ್ಲವನು ಪೇಟೆಯ ಅಡಿಯಾಳಲ್ಲ. ಯಂತ್ರಗಳ ಬಗೆಗೆ ಅಷ್ಟು ಕಠಿಣವಾಗಿದ್ದ ಗಾಂಧೀಜಿಯವರು ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಮನುಷ್ಯ ಕಂಡುಹಿಡಿದ ಕೆಲವೇ ಉಪಯುಕ್ತ ವಸ್ತುಗಳಲ್ಲಿ ಅದೊಂದು ಎಂದರು. ಹಾಗಾದರೆ ಆ ಯಂತ್ರ ಮಾಡಲು ಕಾರಖಾನೆ ಬೇಕಲ್ಲ ಎಂದು ಕೇಳಿದಾಗ, ಬೇಕು, ಆದರೆ ಅಂಥ ಕಾರಖಾನೆ ರಾಷ್ಟ್ರದ ಒಡೆತನದಲ್ಲಿಯೋ ಸರಕಾರದ ಹತೋಟಿಯಲ್ಲಿಯೋ ಇರಬೇಕು, ಅಷ್ಟರ ಮಟ್ಟಿಗೆ ತಾವು ಸಮಾಜವಾದಿ ಎಂದೂ ಹೇಳಿದರು. ನಮ್ಮ ಮುಖಂಡರು ಗಾಂಧಿಯ ಮಾತಿನಲ್ಲಿ ಯಂತ್ರವನ್ನು ಹಿಡಿದರು, ಒಡೆತನವನ್ನು ಬಿಟ್ಟರು. ನಮ್ಮ ಜಗಳವೆಲ್ಲ ಆ ಬಿಟ್ಟ ಅರ್ಧದ ಬಗೆಗೆ.

ಈ ಜಗಳ ಇಂದಿನದಲ್ಲ. ನಮ್ಮ ಎರೆಭೂಮಿಯ ಹತ್ತಿ ಹತ್ತೊಂಬತ್ತನೆಯ ಶತಮಾನದಲ್ಲಿ ಗಾಡಿ ಏರಿ ಘಟ್ಟ ಇಳಿದು ಕುಮಟೆಯ ಬಂದರಕ್ಕೆ ಹೋಯಿತು. ಬೆಳೆದವರು ನಾವು, ಪರದೇಶದ ಪೇಟೆಯಲ್ಲಿ ಅದಕ್ಕೆ ಬಿದ್ದುದು ಬಂದರದ ಹೆಸರು, ಕುಮಟಾ ಹತ್ತಿ. 1861ರಿಂದ 1865ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧವಾಗಿ ಲ್ಯಾಂಕಶಾಯರದ ಗಿರಣಿಗಳಿಗೆ ಹತ್ತಿ ಸಾಲದಾದಾಗ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಬಿತ್ತು. ಹತ್ತಿ ಹೋದ ದಾರಿಯಿಂದಲೇ ಗಿರಣಿಯ ಬಟ್ಟೆ ಮರಳಿ ಬಂದು ನಮ್ಮ ನೇಕಾರನ ಕುಣಿಮಗ್ಗದ ಮೇಲೆ ಕುಳಿತುಕೊಂಡಿತು. ಮುಂದೆ "ಗದಗ-1" ಎಂದು ನಮ್ಮೂರಿನ ಹೆಸರಿನ ಹತ್ತಿ ತಳಿಯೇ ಹುಟ್ಟಿತು. ಹೆಸರು ನಮ್ಮದಾಯಿತು, ಬಟ್ಟೆ ನಮ್ಮದಾಗಲಿಲ್ಲ.

ಬ್ರಿಟಿಷರು ಹೋದರು. ಆಮೇಲೆ ಮಗ್ಗಕ್ಕೆ ಏನಾಯಿತು? ಮಂಗಳೂರಿನ ಮಗಳು, ಕಾಂಗ್ರೆಸ್ ಸಮಾಜವಾದಿ ಪಕ್ಷದ ಮುಂಚೂಣಿಯಲ್ಲಿದ್ದ ಕಮಲಾದೇವಿ ಚಟ್ಟೋಪಾಧ್ಯಾಯರಂಥವರು ಕೈಕಸುಬಿನ ಪರವಾಗಿ ಬಾಳನ್ನೇ ಸವೆಸಿದ ಫಲವಾಗಿ ಒಂದಿಷ್ಟು ರಕ್ಷಣೆಗಳು ಬಂದವು. ಬಂದ ರಕ್ಷಣೆಗಳು ಹೇಗೆ ಒಂದೊಂದಾಗಿ ಕರಗಿದವೆಂಬುದನ್ನು ಬೆಟಗೇರಿಯ ನೇಕಾರ ಬಂಧುಗಳು ನಮಗಿಂತ ಚೆನ್ನಾಗಿ ಬಲ್ಲರು. ಉಳಿದ ಓದುಗರಿಗಾಗಿ ಹೇಳುತ್ತೇವೆ. 1985ರ ಕಾಯದೆ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಮೀಸಲಿಟ್ಟಿತು. 1996ರಲ್ಲಿ ಆ ಪಟ್ಟಿ 11ಕ್ಕೆ ಇಳಿಯಿತು. ಕೈಮಗ್ಗಕ್ಕೆ ಬೇಕಾದುದು ಲಡಿ ನೂಲು. ನೂಲಿನ ಗಿರಣಿಗಳು ದೇಶದೊಳಗೆ ಮಾರುವ ನೂಲಿನಲ್ಲಿ ಅರ್ಧವನ್ನು ಲಡಿಯಾಗಿ ಕೊಡಬೇಕೆಂಬ ಕಟ್ಟಳೆಯಿತ್ತು. 2003ರಲ್ಲಿ ಅದು ನೂರಕ್ಕೆ 40 ಆಯಿತು, 2019ರಲ್ಲಿ 30 ಆಯಿತು. 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸುತ್ತಿದ್ದಾರೆ. 2020ರಲ್ಲಿ ಆ ದಿನ ಬರುವ ಮುಂಚೆಯೇ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದುಪಡಿಸಿದರು. ಹಬ್ಬ ಉಳಿಯಿತು, ದೇವರನ್ನು ಕಿತ್ತುಹಾಕಿದರು!

ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಹೆಣ್ಣುಮಕ್ಕಳು ರಾಷ್ಟ್ರಧ್ವಜವನ್ನು ಖಾದಿಯಲ್ಲಿ ಹೊಲಿದು ದೇಶಕ್ಕೆ ಕೊಟ್ಟವರು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನೇ ತಿದ್ದಿ ಯಂತ್ರದ ಪಾಲಿಯೆಸ್ಟರಿಗೂ ಒಪ್ಪಿಗೆ ಕೊಟ್ಟರು. ದೇಶದ ಬಾವುಟವನ್ನೇ ಪಾಲಿಯೆಸ್ಟರಿಗೆ ಒಪ್ಪಿಸಿದವರು ನಮ್ಮ ಹೆಂಗಸರಿಗೆ ಸ್ವಾವಲಂಬನೆಯ ಪಾಠ ಹೇಳುವುದೆಂದರೆ ಅದಕ್ಕೆ ಏನೆನ್ನಬೇಕು?

ಸರಕಾರದ ಗಣತಿಯೇ ಹೇಳುತ್ತದೆ: 2009-10ರಲ್ಲಿ ದೇಶದ ಕೈಮಗ್ಗದವರು ಸುಮಾರು 43 ಲಕ್ಷ, 2019-20ರಲ್ಲಿ ಸುಮಾರು 35 ಲಕ್ಷ. ಹತ್ತು ವರ್ಷದಲ್ಲಿ ಎಂಟು ಲಕ್ಷ ಜನ ಮಗ್ಗ ಬಿಟ್ಟೆದ್ದರು. ಎದ್ದವರು ಎಲ್ಲಿಗೆ ಹೋದರು? 2023ರಲ್ಲಿ ಕುಶಲಕರ್ಮಿಗಳಿಗೆಂದು ಬಂದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಇದ್ದಾನೆ, ಸಂತೋಷ. ಕೈಮಗ್ಗದ ನೇಕಾರನಿಲ್ಲ. ಹೊಲಿಯುವವನಿಗೆ 15 ಸಾವಿರದ ಸಲಕರಣೆ, ನೇಯುವವನಿಗೆ ಬೇರೆ ಬಾಗಿಲು. ನೇಯ್ಗೆಗೂ ಹೊಲಿಗೆಗೂ ಸಂಬಂಧವೇ ಇಲ್ಲವೆಂದು ಬಗೆದವರ ಯೋಜನೆಯಿದು.

"ಪೇಟೆಯಲ್ಲಿ ಸಿದ್ಧ ಅಂಗಿ ಅಗ್ಗವಾಗಿ ಸಿಗುವಾಗ ಹೊಲಿಸುವುದೇಕೆ?" ಎಂದು ಗಿರಣಿಯ ಬಂಧುಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾವೂ ಅಂಥ ಅಂಗಿ ತೊಟ್ಟವರೇ, ಕೊಂಡವನನ್ನು ದೂರುವುದಿಲ್ಲ. ಆದರೆ ಅಗ್ಗ ಹೇಗಾಯಿತೆಂದು ಕೇಳಲೇಬೇಕು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಿರುಕು ಬಿಟ್ಟ ಗೋಡೆಯನ್ನು ಕಂಡೂ ಅವರನ್ನು ಒಳಗೆ ಕಳಿಸಿದ್ದರು. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ತಮ್ಮ ಭವಿಷ್ಯನಿಧಿಯ ಹಣಕ್ಕೆ ಕೈಹಾಕಿದ ನಿಯಮದ ವಿರುದ್ಧ ಸಾವಿರಗಟ್ಟಲೆ ಬೀದಿಗಿಳಿದು ಸರಕಾರವನ್ನು ಹಿಮ್ಮೆಟ್ಟಿಸಿದರು. ಅಗ್ಗದ ಅಂಗಿಯ ಬೆಲೆಯನ್ನು ಇವರು ಕೊಡುತ್ತಾರೆ, ನಾವಲ್ಲ. ಆ ಕಾರಖಾನೆಯ ಸಾಲಿನಲ್ಲಿ ಒಬ್ಬಳು ದಿನವಿಡೀ ಕಾಲರು ಹಚ್ಚುತ್ತಾಳೆ, ಇನ್ನೊಬ್ಬಳು ತೋಳು. ವರ್ಷಗಟ್ಟಲೆ ದುಡಿದರೂ ಇಡೀ ಅಂಗಿಯನ್ನು ಕತ್ತರಿಸುವ ವಿದ್ಯೆ ಅವಳ ಕೈಗೆ ಹತ್ತುವುದಿಲ್ಲ. ಕತ್ತರಿ ಮಾಲಕನದು.

ಇನ್ನು ಲೆಕ್ಕ ಹಾಕೋಣ. 400 ರೂಪಾಯಿಯ ಅಂಗಿ ಎಂಟು ತಿಂಗಳಿಗೆ ಹರಿದರೆ ತಿಂಗಳಿಗೆ 50 ರೂಪಾಯಿ ಬಿತ್ತು. ಒಳ್ಳೆಯ ಹತ್ತಿ ಬಟ್ಟೆ, ಅಳತೆಯ ಹೊಲಿಗೆ, ಎರಡೂ ಕೂಡಿ 900 ಬಿದ್ದು ಮೂರು ವರ್ಷ ಬಾಳಿದರೆ ತಿಂಗಳಿಗೆ 25. ಯಾವುದು ಅಗ್ಗ? ಆದರೆ ಈ ಲೆಕ್ಕದಲ್ಲೊಂದು ಮೋಸವಿದೆ, ಅದನ್ನು ಮುಚ್ಚಿಡುವುದು ನಮಗೆ ತಕ್ಕುದಲ್ಲ. ಒಮ್ಮೆಲೇ 900 ಕೈಯಲ್ಲಿದ್ದವನಿಗಷ್ಟೇ ಈ ಉಳಿತಾಯ. ಪಗಾರದ ಕೊನೆಯ ವಾರದಲ್ಲಿ 400 ಕೂಡಿಸಿದವನು ದುಪ್ಪಟ್ಟು ತೆರುತ್ತಾನೆ. ಬಡತನವೆಂಬುದೇ ತುಟ್ಟಿ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹೇಳುವವರು, ಹಾಸಿಗೆಯನ್ನು ಅಷ್ಟು ಗಿಡ್ಡ ಕತ್ತರಿಸಿದವರು ಯಾರೆಂಬುದನ್ನು ಎಂದೂ ಹೇಳುವುದಿಲ್ಲ.

ಮನೆಯಲ್ಲೇ ಹೊಲಿಯಿರೆನ್ನುವವರಿಗೆ ಇನ್ನೊಂದು ಪ್ರಶ್ನೆ. ಹೊಲಿಯುವವರಾರು? ಅಂಗಡಿಯಲ್ಲಿ ಹೊಲಿದರೆ ಗಂಡಸಿನ ಕಸುಬು, ಮನೆಯಲ್ಲಿ ಹೊಲಿದರೆ ಹೆಂಗಸಿನ ಪುರುಸೊತ್ತು! ಹೊಲಕ್ಕೆ ಹೋಗಿ ಬಂದು, ರೊಟ್ಟಿ ಬಡಿದು, ನೀರು ಹೊತ್ತವಳಿಗೆ ಇದು ಮೂರನೆಯ ಪಾಳಿ. ಸ್ವಾವಲಂಬನೆಯ ಹೆಸರಿನಲ್ಲಿ ಕೂಲಿಯಿಲ್ಲದ ದುಡಿಮೆಯನ್ನು ಅವಳ ಮೇಲೆ ಹೇರುವುದನ್ನು ನಾವು ಒಪ್ಪುವುದಿಲ್ಲ. ಗುಂಡಿ ಹಚ್ಚುವುದು, ಅಂಚು ಮಡಿಚಿ ಹೊಲಿಯುವುದು ಗಂಡಸಿಗೆ ಅವಮಾನವಲ್ಲ. ದರ್ಜಿಯ ಕೈಗೆ ಬಂದ ವಿದ್ಯೆ ಗಿರಣಿಯವನ ಕೈಗೂ ಬರುತ್ತದೆ.

ಸರಳತೆಯ ಉಪದೇಶಕ್ಕೂ ಒಂದು ಮಾತು. 1921ರಲ್ಲಿ ಮಧುರೆಯಲ್ಲಿ ಗಾಂಧೀಜಿ ತುಂಡು ಪಂಚೆ ಉಟ್ಟರು. ಅಂಬೇಡ್ಕರರು ಕೋಟು-ಪ್ಯಾಂಟು ತೊಟ್ಟರು. ಇದ್ದುದನ್ನು ಬಿಟ್ಟವರದು ಒಂದು ರಾಜಕಾರಣ. ಯಾರಿಗೆ ಒಳ್ಳೆಯ ಬಟ್ಟೆಯನ್ನೇ ತೊಡಗೊಡಲಿಲ್ಲವೋ ಅವರು ತೊಟ್ಟು ನಿಂತುದು ಇನ್ನೊಂದು ರಾಜಕಾರಣ. ದುಡಿಯುವವನಿಗೆ ಒಪ್ಪುವ ಬಟ್ಟೆ ಬೇಕು, ಚೆಂದದ ಬಟ್ಟೆಯೇ ಬೇಕು. ಚೆಂದವೆಂದರೆ ಕಂಪನಿಯ ಚೀಟಿಯಲ್ಲ. ಭುಜಕ್ಕೆ ಸರಿಯಾಗಿ ಕೂಡುವ ಅಂಗಿ, ಇಳಕಲ್ಲ ಸೀರೆಗೆ ಹೊಂದುವ ಗುಳೇದಗುಡ್ಡದ ಖಣದ ಕುಪ್ಪಸ. ಅಳತೆಗೆ ಹೊಲಿದುದಕ್ಕಿಂತ ದೊಡ್ಡ ಫ್ಯಾಶನ್ನು ಯಾವ ದೊಡ್ಡ ಮಳಿಗೆಯಲ್ಲೂ ಇಲ್ಲ.

ಬಾಳಿಕೆಯ ಪಾಠವನ್ನು ನಮ್ಮವರು ಹೊರಗಿನಿಂದ ಕಲಿಯಬೇಕಾಗಿಲ್ಲ. ಬೆಳೆಯುವ ಹುಡುಗನ ಚಡ್ಡಿಗೆ ಒಳಗೆ ಮಡಿಕೆ ಬಿಟ್ಟು ಹೊಲಿಸುವುದು, ವರ್ಷಕ್ಕೊಮ್ಮೆ ಬಿಚ್ಚಿ ಇಳಿಸುವುದು. ಸವೆದ ಕಾಲರನ್ನು ತಿರುವಿ ಹೊಲಿಯುವುದು. ದೊಡ್ಡವನ ಪ್ಯಾಂಟಿನಿಂದ ಸಣ್ಣವನಿಗೆ ಚಡ್ಡಿ, ಹಳೆಯ ಸೀರೆಯಿಂದ ಕೂಸಿಗೆ ಕುಂಚಿಗೆ. ಎಲ್ಲ ಮುಗಿದ ಮೇಲೆ ಉಳಿದ ತುಂಡುಗಳನ್ನು ಕೂಡಿಸಿ ಕೌದಿ. ಲಕ್ಷ್ಮೇಶ್ವರದ ಯಾವ ಓಣಿಗೆ ಹೋದರೂ ಅಜ್ಜಿಯ ಕೌದಿ ಕಂಡೀತು. ಈ ವಿದ್ಯೆ ಹತ್ತಿಗೆ ಒಗ್ಗುತ್ತದೆ, ಎಣ್ಣೆಯಿಂದ ತೆಗೆದ ಪಾಲಿಯೆಸ್ಟರಿಗೆ ಒಗ್ಗದು. ಅದರ ಕೌದಿ ಬೆವರು ಹೀರದು, ಅದರ ಚಿಂದಿ ಮಣ್ಣಿನಲ್ಲಿ ಕರಗದು. ತೊಳೆದಾಗಲೊಮ್ಮೆ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತದೆ.

ಸಣ್ಣ ವ್ಯಾಪಾರಿ ಬಂಧುಗಳೇ, ಇದು ನಿಮ್ಮ ಜಗಳವೂ ಹೌದು. ಥಾನು ಬಿಚ್ಚಿ ಮೀಟರಿನ ಮೇಲೆ ಬಟ್ಟೆ ಅಳೆಯುವ ಅಂಗಡಿ, ದಾರ-ಗುಂಡಿಯ ಅಂಗಡಿ, ಬಾಗಿಲಲ್ಲಿ ಕುಳಿತ ದರ್ಜಿ, ಕಾಜಾ ಮಾಡುವ ಹುಡುಗ: ಒಂದು ಹೊಲಿಸಿದ ಅಂಗಿಯಲ್ಲಿ ಇಷ್ಟು ಜನರ ಅನ್ನವಿದೆ. ಫೋನಿನಲ್ಲಿ ತರಿಸಿದ ಅಂಗಿಯಲ್ಲಿ ಊರಿನವರ ಪಾಲು ಡಬ್ಬಿ ತಂದುಕೊಟ್ಟ ಹುಡುಗನದಷ್ಟೇ. 2017ರಲ್ಲಿ ಬಟ್ಟೆಯ ಮೇಲೆ ಜಿಎಸ್‌ಟಿ ಬಂತು. 2022ರ ಜನವರಿಯಿಂದ ಅದನ್ನು ನೂರಕ್ಕೆ 5ರಿಂದ 12ಕ್ಕೆ ಏರಿಸಹೊರಟಾಗ ವ್ಯಾಪಾರಿಗಳೂ ನೇಕಾರರೂ ಒಂದಾಗಿ ಕೂಗಿದ್ದಕ್ಕೆ 2021ರ ಕೊನೆಯ ದಿನ ಅದನ್ನು ತಡೆಹಿಡಿದರು. ಕೂಡಿ ನಿಂತರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈಗ ನಮ್ಮ ಬೇಡಿಕೆ. ಕುಮಾರವ್ಯಾಸನು ವೀರನಾರಾಯಣನ ಗುಡಿಯಲ್ಲಿ ಒದ್ದೆ ಬಟ್ಟೆಯುಟ್ಟು ಕುಳಿತು, ಅದು ಆರುವವರೆಗೆ ಕಾವ್ಯ ಬರೆಯುತ್ತಿದ್ದನೆಂದು ನಮ್ಮೂರ ಐತಿಹ್ಯ. ಕವಿಗೆ ಅದು ನೇಮ. ಒಂದೇ ಜೊತೆ ಸಮವಸ್ತ್ರವಿದ್ದ ಶಾಲೆಯ ಮಗುವಿಗೆ ಬಟ್ಟೆ ಆರುವುದನ್ನು ಕಾಯುವುದು ನೇಮವಲ್ಲ, ಗತಿಗೇಡು. ಎರಡನೆಯ ಜೊತೆ ಕೊಡಿರೆಂದು 2019ರಲ್ಲಿ ರಾಜ್ಯದ ಹೈಕೋರ್ಟು ಹೇಳಬೇಕಾಯಿತು. ಸಮಗ್ರ ಶಿಕ್ಷಣ ಯೋಜನೆಯು 2018ರಲ್ಲಿ ಗೊತ್ತುಮಾಡಿದ ಮೊತ್ತ ಎರಡು ಜೊತೆಗೆ 600 ರೂಪಾಯಿ. ಜೊತೆಯೊಂದಕ್ಕೆ 300ರಲ್ಲಿ ಬಟ್ಟೆಯೂ ಬರಬೇಕು, ಹೊಲಿಗೆಯೂ ಬರಬೇಕು! ಬರಿ ಬಟ್ಟೆ ಕೈಗೆ ಬಂದಾಗ ಹೊಲಿಗೆಯ ಕೂಲಿಯನ್ನು ತಾಯಿ-ತಂದೆ ತೆತ್ತರು.

ನಾವು ಹೇಳುವುದು ಇಷ್ಟೇ. ಒಂದು: ಜಿಲ್ಲೆಯ ಸರಕಾರಿ ಶಾಲೆಗಳ ಸಮವಸ್ತ್ರದ ಬಟ್ಟೆಯನ್ನು ಬೆಟಗೇರಿಯ ಮಗ್ಗಗಳಿಗೆ ಕೊಡಿರಿ, ಕೈಮಗ್ಗ ನಿಗಮ ವಿದ್ಯಾವಿಕಾಸ ಯೋಜನೆಗೆ ಬಟ್ಟೆ ನೇಯಿಸಿಕೊಟ್ಟ ದಾರಿ ಮೊದಲೇ ಇದೆ. ಎರಡು: ಅದನ್ನು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಹೊಲಿಗೆಯವರ ಸಹಕಾರ ಸಂಘಗಳಿಗೆ ಒಪ್ಪಿಸಿ, ಕನಿಷ್ಠ ಕೂಲಿಯ ಲೆಕ್ಕದಲ್ಲಿ ದರ ಕಟ್ಟಿರಿ, 600ರ ಮಿತಿಯನ್ನು ಅದಕ್ಕೆ ತಕ್ಕಂತೆ ಏರಿಸಿರಿ. ಮೂರು: ಹಂಚುವ ಯಂತ್ರಗಳು ಈ ಸಂಘಗಳಿಗೇ ಹೋಗಲಿ, ಕತ್ತರಿಸುವ ವಿದ್ಯೆಯ ತರಗತಿಯೊಂದಿಗೆ. ನಾಲ್ಕು: ದುಡಿಯುವವರಿಗೆ ಸಂಘದ ಮೂಲಕ ಕಂತಿನ ಮೇಲೆ ಬಟ್ಟೆ ಸಿಗಲಿ. ಸಿಂಗರ್ ಕಂಪನಿ 1850ರ ದಶಕದಲ್ಲೇ ಕಂತಿನ ಮೇಲೆ ಯಂತ್ರ ಮಾರಿ ಲಾಭ ಮಾಡಿತು. ನಮ್ಮ ಸಂಘ ಲಾಭವಿಲ್ಲದೆ ಅಂಗಿಬಟ್ಟೆ ಕೊಡಲಾರದೇ?

ಇದು ಕನಸೆಂದು ನಗುವವರು ಗದುಗಿನಿಂದ ಕಣಗಿನಹಾಳಕ್ಕೊಮ್ಮೆ ಹೋಗಿ ಬರಲಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಆ ಹಳ್ಳಿಯ ರೈತರು ಕೂಡಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗಲೂ ನಗುವವರಿದ್ದಿರಬೇಕು. ಏಷ್ಯಾದಲ್ಲೇ ಮೊದಲನೆಯದೆಂದು ಇಂದು ಅದೇ ಸಂಘವನ್ನು ಭಾಷಣಗಳಲ್ಲಿ ಹೊಗಳುತ್ತಾರೆ. ಹೊಗಳಿದ್ದು ಸಾಕು, ಅದರ ಹಾದಿ ಹಿಡಿಯಿರಿ.

ಬಂಧುಗಳೇ, ಮುಂದಿನ ಸಲ ಪೆಂಡಾಲಿನಲ್ಲಿ ಯಂತ್ರ ಹಂಚುವಾಗ ಚಪ್ಪಾಳೆ ತಟ್ಟುವುದಕ್ಕೆ ಮುಂಚೆ ಎದ್ದುನಿಂತು ಮೂರು ಪ್ರಶ್ನೆ ಕೇಳಿರಿ: ಬಟ್ಟೆ ಎಲ್ಲಿ? ಕೆಲಸ ಎಲ್ಲಿ? ಕೂಲಿ ಎಷ್ಟು? ಉತ್ತರ ಬರುವವರೆಗೆ ಕುಳಿತುಕೊಳ್ಳಬೇಡಿರಿ.