ಹೊಗೆಯ ನಿಬಂಧನೆಗಳೂ ಗಾಡಿ ಕೊಳ್ಳುವವನ ಹಿತವೂ

೨೦೨೩ನೆಯ ಇಸವಿ ಫೆಬ್ರುವರಿ ೬ರಂದು ಪ್ರಧಾನಮಂತ್ರಿಗಳು ಬೆಂಗಳೂರಿನಲ್ಲಿ, ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟವನ್ನು ಆರಂಭಿಸಿದರು. ೨೦೩೦ರ ವೇಳೆಗೆ ಮುಟ್ಟಬೇಕೆಂದು ಮೊದಲು ಗೊತ್ತುಮಾಡಿದ್ದ ಈ ಪ್ರಮಾಣವನ್ನು ಐದು ವರ್ಷ ಮುಂಚಿತವಾಗಿ, ೨೦೨೫ರಲ್ಲಿಯೇ, ಮುಟ್ಟಿದುದಾಯಿತು. ಸರಕಾರದವರು ಇದನ್ನು ತಮ್ಮ ದೊಡ್ಡ ಸಾಧನೆಯೆಂದು ಸಾರಿದರು. ಆದರೆ ಅದೇ ವರ್ಷದ ಮಳೆಗಾಲದಲ್ಲಿ ಹಳೆಯ ಮೋಟಾರು ಗಾಡಿಗಳ ಒಡೆಯರು ದೇಶದ ನಾನಾ ಕಡೆಗಳಿಂದ ಕೂಗೆಬ್ಬಿಸಿದರು. ಗಾಡಿಯ ಮೈಲೇಜು ಇಳಿಯಿತೆಂದೂ, ರಬ್ಬರಿನ ಕೊಳವೆಗಳು ಕೆಡುವುವೆಂಬ ಅಂಜಿಕೆ ಇದೆಯೆಂದೂ, ಬಂಕಿನಲ್ಲಿ ಬೇರೆ ಬಗೆಯ ಪೆಟ್ರೋಲನ್ನು ಆರಿಸಿಕೊಳ್ಳಲು ಎಡೆಯಿಲ್ಲವೆಂದೂ ಅವರ ದೂರು. ಸೆಪ್ಟೆಂಬರ್ ೧ರಂದು ಸರ್ವೋಚ್ಚ ನ್ಯಾಯಾಲಯವು ಈ ಕುರಿತ ಅರ್ಜಿಯನ್ನು ವಜಾ ಮಾಡಿತು. ನ್ಯಾಯಾಲಯದ ಮಟ್ಟಿಗೆ ಆ ಅರ್ಜಿ ಮುಗಿಯಿತು. ಆದರೆ ಅದರ ಹಿಂದಿರುವ ದೊಡ್ಡ ಪ್ರಶ್ನೆ ಹಾಗೆಯೇ ಉಳಿದಿದೆ. ಗಾಳಿಯನ್ನು ಶುದ್ಧಗೊಳಿಸುವ ಕಾರ್ಯದಲ್ಲಿ ತಗಲುವ ಭಾರವನ್ನು ಹೊರತಕ್ಕವರು ಯಾರು?

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಅವಶ್ಯ. ಹೊಗೆಯನ್ನು ತಡೆಯುವ ಕಾಯಿದೆಗಳಿಗೆ ನಾವು ವಿರೋಧಿಗಳಲ್ಲ. ೨೦೦೦ದಿಂದೀಚೆಗೆ ನಮ್ಮ ದೇಶವು ಈ ದಾರಿಯಲ್ಲಿ ಹೆಜ್ಜೆ ಹೆಜ್ಜೆಯಾಗಿ ನಡೆದು, ೨೦೨೦ರ ಏಪ್ರಿಲ್ ೧ರಂದು ಐದನೆಯ ಮೆಟ್ಟಿಲನ್ನು ದಾಟಿ ನಾಲ್ಕರಿಂದ ಆರಕ್ಕೆ ಒಮ್ಮೆಲೇ ಹಾರಿತು. ಭಾರತ್ ಸ್ಟೇಜ್ ಆರು ಎಂಬ ಈ ನಿಬಂಧನೆಯಿಂದ ಇಂಧನದಲ್ಲಿನ ಗಂಧಕದ ಅಂಶವು ಹತ್ತು ಲಕ್ಷದಲ್ಲಿ ೫೦ ಭಾಗದಿಂದ ೧೦ಕ್ಕೆ ಇಳಿಯಿತು. ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಉಗುಳಬಹುದಾದ ನೈಟ್ರೋಜನ್ ಆಕ್ಸೈಡುಗಳ ಮಿತಿ ೨೫೦ ಮಿಲಿಗ್ರಾಮಿನಿಂದ ೮೦ಕ್ಕೂ, ಮಸಿಯ ಕಣಗಳ ಮಿತಿ ೨೫ ಮಿಲಿಗ್ರಾಮಿನಿಂದ ನಾಲ್ಕೂವರೆಗೂ ಬಂದವು. ಗಾಡಿಯಿಲ್ಲದ ಬಡವನೂ, ಶಾಲೆಗೆ ನಡೆದು ಹೋಗುವ ಮಗುವೂ ಇದೇ ಗಾಳಿಯನ್ನು ಉಸಿರಾಡುತ್ತಾರೆ. ಅವರ ಹಿತದ ಮುಂದೆ ಗಾಡಿಯ ಒಡೆಯನ ಅನುಕೂಲವು ಎರಡನೆಯದು. ಇದನ್ನು ಒಪ್ಪಿಕೊಂಡೇ ನಾವು ಮುಂದಿನ ಮಾತನ್ನು ಆಡುತ್ತೇವೆ.

ಗಾಡಿಯನ್ನು ಕೊಳ್ಳುವವನು ನಿಜವಾಗಿ ಬಯಸುವುದೇನು? ಜಾಹೀರಾತುಗಳನ್ನು ನೋಡಿದರೆ ಅವನು ಕನ್ನಡಿಯ ಮಾಳಿಗೆಯನ್ನೂ, ಮೊಳದುದ್ದದ ಬೆಳಕಿನ ಪರದೆಯನ್ನೂ ಬಿಟ್ಟು ಬೇರೇನನ್ನೂ ಬಯಸುವುದಿಲ್ಲವೆಂದು ತೋರುತ್ತದೆ. ನಮ್ಮ ದೇಶದ ಅನುಭವವು ಬೇರೆಯದನ್ನೇ ಹೇಳುತ್ತದೆ. ಅಂಬಾಸಡರ್ ಗಾಡಿಯು ಎಷ್ಟು ಕುಂದುಗಳಿಂದ ಕೂಡಿದ್ದರೂ ಊರ ಮೇಸ್ತ್ರಿಯ ಕೈಗೆ ನಿಲುಕುತ್ತಿತ್ತೆಂಬ ಕಾರಣಕ್ಕೆ ದಶಕಗಳ ಕಾಲ ಬಾಳಿತು. ೧೯೮೩ರ ಡಿಸೆಂಬರಿನಲ್ಲಿ ಬಂದ ಮಾರುತಿ ೮೦೦ ಮಧ್ಯಮ ವರ್ಗದ ಮನೆಗಳನ್ನು ಗೆದ್ದದ್ದು ಆಡಂಬರದಿಂದಲ್ಲ. ಬೆಳಿಗ್ಗೆ ಕೀಲಿಕೈ ತಿರುಗಿಸಿದೊಡನೆ ಹೊರಡುವ, ಕಡಿಮೆ ಪೆಟ್ರೋಲು ಕುಡಿಯುವ ಗುಣದಿಂದ. ನಮ್ಮ ಬಿಡದಿಯಲ್ಲಿ ತಯಾರಾಗುವ ಇನೋವಾ ಗಾಡಿಯನ್ನು ಬಾಡಿಗೆಗೆ ಓಡಿಸುವವರು ಇಂದಿಗೂ ಮೆಚ್ಚುವುದು, ಅದು ಲಕ್ಷಗಟ್ಟಲೆ ಕಿಲೋಮೀಟರು ಓಡಿದ ಮೇಲೂ ನಡುದಾರಿಯಲ್ಲಿ ಕೈಬಿಡುವುದಿಲ್ಲವೆಂಬ ನಂಬಿಕೆಯಿಂದ. ವರ್ಷಗಳ ಉಳಿತಾಯವನ್ನು ಸುರಿದು, ಬ್ಯಾಂಕಿನ ಸಾಲವನ್ನು ತಲೆಯ ಮೇಲೆ ಹೊತ್ತು ಗಾಡಿ ತರುವ ಸಂಸಾರಸ್ಥನಿಗೆ ಬೇಕಾದುದು ಇಷ್ಟೆ: ಗಾಡಿ ಬಾಳಿಕೆ ಬರಬೇಕು, ಖರ್ಚು ಮೊದಲೇ ತಿಳಿದಿರಬೇಕು, ಕೆಟ್ಟರೆ ರಿಪೇರಿಯಾಗಬೇಕು, ಮಾರಿದರೆ ತಕ್ಕ ಬೆಲೆ ಬರಬೇಕು. ಹೊಗೆಯುಗುಳುವ ಗಾಡಿಯೇ ಬೇಕೆಂದು ಅವನು ಎಂದೂ ಹಟ ಹಿಡಿದವನಲ್ಲ.

ಆದರೂ ಹೊಗೆಯ ನಿಬಂಧನೆ ಬಿಗಿಯಾದಾಗಲೆಲ್ಲ ಕಂಪೆನಿಗಳ ಕಡೆಯಿಂದ ಒಂದು ವಾದವು ಕೇಳಿಬರುತ್ತದೆ. ಕಾಯಿದೆ ಬಿಗಿಯಾದಷ್ಟೂ ಯಂತ್ರವು ಜಟಿಲವಾಗುವುದು, ಜಟಿಲವಾದಷ್ಟೂ ಬೇಗ ಕೆಡುವುದು, ಆದುದರಿಂದ ತಪ್ಪು ಕಾಯಿದೆಯದು ಎಂಬುದೇ ಆ ವಾದ. ಇದು ಹೊಸದಲ್ಲ. ೧೯೭೦ರಲ್ಲಿ ಅಮೆರಿಕದ ಸಂಸತ್ತು ಗಾಡಿಗಳ ಹೊಗೆಯಲ್ಲಿನ ವಿಷವನ್ನು ನೂರಕ್ಕೆ ತೊಂಬತ್ತರಷ್ಟು ತಗ್ಗಿಸಬೇಕೆಂದು ಕಾಯಿದೆ ಮಾಡಿದಾಗ ಡೆಟ್ರಾಯಿಟ್ ನಗರದ ದೊಡ್ಡ ಕಂಪೆನಿಗಳು ಇದು ಅಸಾಧ್ಯವೆಂದು ಗೋಳಾಡಿದವು. ಅಂದು ಕಾರು ತಯಾರಿಕೆಯಲ್ಲಿ ಇನ್ನೂ ಚಿಕ್ಕದಾಗಿದ್ದ ಜಪಾನಿನ ಹೋಂಡಾ ಕಂಪೆನಿಯು ೧೯೭೨ರಲ್ಲಿಯೇ ಆ ಮಿತಿಗೆ ಒಳಪಡುವ ಎಂಜಿನ್ನನ್ನು ಮಾಡಿ ತೋರಿಸಿತು. ಅಷ್ಟೇ ಅಲ್ಲ, ಅಮೆರಿಕದವರದೇ ಆದ ಷೆವರ್ಲೆ ಇಂಪಾಲಾ ಗಾಡಿಯ ದೊಡ್ಡ ಎಂಜಿನ್ನಿಗೂ ಅದೇ ಉಪಾಯವನ್ನು ಅಳವಡಿಸಿ ಸಾಧ್ಯವೆಂದು ಸಿದ್ಧಪಡಿಸಿತು. ಮುಂದಿನ ವರ್ಷಗಳಲ್ಲಿ ಅಮೆರಿಕದ ಸಂಸಾರಸ್ಥರು ಜಪಾನಿನ ಚಿಕ್ಕ ಗಾಡಿಗಳ ಕಡೆಗೆ ತಿರುಗಿದರು. ಅವು ಹೊಗೆಯನ್ನೂ ತಗ್ಗಿಸಿದವು, ಪೆಟ್ರೋಲನ್ನೂ ಉಳಿಸಿದವು, ಬಾಳಿಕೆಯನ್ನೂ ಕೊಟ್ಟವು. ಶುದ್ಧವಾದ ಗಾಡಿಯೂ ಗಟ್ಟಿಯಾದ ಗಾಡಿಯೂ ಒಂದೇ ಆಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆಂದು ತೊಂದರೆಗಳೇ ಇಲ್ಲವೆನ್ನುವುದೂ ನ್ಯಾಯವಲ್ಲ. ಹೊಸ ಡೀಸೆಲ್ ಗಾಡಿಗಳಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವೊಂದಿದೆ. ಅದರಲ್ಲಿ ತುಂಬಿಕೊಂಡ ಮಸಿಯು ಆಗಾಗ ಸುಟ್ಟುಹೋಗಬೇಕು. ಅದು ಸುಡಬೇಕಾದರೆ ಗಾಡಿಯು ಕೆಲ ಹೊತ್ತು ಒಂದೇ ಸಮನಾಗಿ ವೇಗದಿಂದ ಓಡಿ ಕಾವೇರಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡಿನ ಸುತ್ತಮುತ್ತ ದಿನವೂ ತೆವಳುವ ಗಾಡಿಗೆ ಆ ಭಾಗ್ಯವೆಲ್ಲಿಯದು? ಶೋಧಕವು ಕಟ್ಟಿಕೊಳ್ಳುತ್ತದೆ, ಎಚ್ಚರಿಕೆಯ ದೀಪ ಹತ್ತುತ್ತದೆ, ಒಡೆಯನು ಕಾರ್ಖಾನೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಊರೊಳಗಿನ ಅಲ್ಪದೂರದ ಓಡಾಟಕ್ಕೆ ಈ ಗಾಡಿ ತಕ್ಕುದಲ್ಲವೆಂದು ಮಾರುವಾಗಲೇ ಹೇಳತಕ್ಕದ್ದು ಮಾರುವವನ ಧರ್ಮ. ೨೦೨೦ರಿಂದ ಡೀಸೆಲ್ ಕಾರುಗಳನ್ನೇ ನಿಲ್ಲಿಸಿದ ಮಾರುತಿ ಕಂಪೆನಿಯ ನಿರ್ಧಾರವು ಲಾಭನಷ್ಟದ ಲೆಕ್ಕದಿಂದ ಬಂದುದೇ ಆಗಿರಲಿ, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ದೋಷವಿರುವುದು ಕಾಯಿದೆಯಲ್ಲಲ್ಲ, ತಿಳಿಸಬೇಕಾದುದನ್ನು ತಿಳಿಸದೆ ಇರುವುದರಲ್ಲಿ.

ಮರೆಮಾಚುವಿಕೆ ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಎರಡು ಪ್ರಕರಣಗಳು ತೋರಿಸಿವೆ. ೨೦೧೩ರ ಜುಲೈಯಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯು ೨೦೦೫ರಿಂದ ಭಾರತದಲ್ಲಿ ಮಾಡಿದ ೧,೧೪,೦೦೦ ಟವೇರಾ ಗಾಡಿಗಳನ್ನು ಹಿಂದಕ್ಕೆ ಕರೆಯಿತು. ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗುವಂತೆ ತನ್ನ ನೌಕರರೇ ಮೋಸ ಮಾಡಿದ್ದರೆಂದು ಕಂಪೆನಿಯೇ ಒಪ್ಪಿಕೊಂಡಿತು. ಎರಡು ವರ್ಷಗಳ ತರುವಾಯ, ೨೦೧೫ರ ಸೆಪ್ಟೆಂಬರಿನಲ್ಲಿ, ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿಯು ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಸಾಧುವಾಗಿ, ರಸ್ತೆಯಲ್ಲಿ ವಿಷ ಕಾರುವ ತಂತ್ರವನ್ನು ತನ್ನ ಡೀಸೆಲ್ ಗಾಡಿಗಳಲ್ಲಿ ಅಡಗಿಸಿಟ್ಟಿದ್ದುದು ಅಮೆರಿಕದಲ್ಲಿ ಬಯಲಾಯಿತು. ಜಗತ್ತಿನಾದ್ಯಂತ ಸುಮಾರು ೧ ಕೋಟಿ ೧೦ ಲಕ್ಷ ಗಾಡಿಗಳು ಇದಕ್ಕೆ ಒಳಪಟ್ಟಿದ್ದವು. ಅಮೆರಿಕದಲ್ಲಿ ಗಾಡಿಯ ಒಡೆಯರಿಗೆ ಕಂಪೆನಿಯು ಗಾಡಿಯನ್ನು ಮರಳಿ ಕೊಂಡು ಹಣ ಕೊಡುವ, ಇಲ್ಲವೆ ಸರಿಪಡಿಸಿ ಪರಿಹಾರ ಕೊಡುವ ಆಯ್ಕೆ ದೊರೆಯಿತು. ಭಾರತದಲ್ಲಿ ೩ ಲಕ್ಷ ೨೩ ಸಾವಿರಕ್ಕೂ ಮಿಕ್ಕಿದ ಗಾಡಿಗಳನ್ನು ಕರೆದು ಅವುಗಳ ತಂತ್ರಾಂಶವನ್ನು ಬದಲಿಸಿ ಕಳುಹಿಸಲಾಯಿತು. ಇಲ್ಲಿನ ಮಿತಿಯನ್ನು ತಾನು ಮೀರಿಲ್ಲವೆಂದು ಕಂಪೆನಿಯು ವಾದಿಸಿತು. ೨೦೧೯ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೫೦೦ ಕೋಟಿ ರೂಪಾಯಿ ದಂಡ ಹಾಕಿದರೂ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಲವಂತದ ಕ್ರಮಕ್ಕೆ ತಡೆ ಕೊಟ್ಟಿತು. ಒಂದೇ ಕಂಪೆನಿ, ಒಂದೇ ಬಗೆಯ ಎಂಜಿನ್. ಆದರೆ ಅಮೆರಿಕದ ಪ್ರಜೆಗೆ ಸಿಕ್ಕ ಗೌರವವು ಭಾರತದ ಪ್ರಜೆಗೆ ಸಿಗಲಿಲ್ಲ. ಸ್ವಾಭಿಮಾನವುಳ್ಳ ರಾಷ್ಟ್ರವು ಇದನ್ನು ಮರೆಯಲಾಗದು.

ಇನ್ನು ಎಥೆನಾಲಿನ ವಿಷಯ. ವಿದೇಶದ ಎಣ್ಣೆಗೆ ತೆರುವ ಹಣವನ್ನು ಉಳಿಸಿ ನಮ್ಮ ರೈತನ ಕೈಗೆ ಸೇರಿಸುವ ಉದ್ದೇಶವು ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ. ಬೆಳಗಾವಿ, ಬಾಗಲಕೋಟೆ, ಮಂಡ್ಯಗಳ ಕಬ್ಬು ಬೆಳೆಗಾರನಿಗೆ ಇದರಿಂದ ಒಳ್ಳೆಯದಾಗುವುದಾದರೆ ಸಂತೋಷಪಡದ ಕನ್ನಡಿಗನಿರಲಾರನು. ಆದರೆ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ ಶಕ್ತಿಯಿದೆಯೆಂಬುದು ರಸಾಯನಶಾಸ್ತ್ರದ ಸತ್ಯ. ಅದಕ್ಕಾಗಿ ತಯಾರಾಗದ ಹಳೆಯ ಕಾರುಗಳಲ್ಲಿ ಮೈಲೇಜು ನೂರಕ್ಕೆ ಆರೇಳರಷ್ಟು ಇಳಿಯಬಹುದೆಂದು ನೀತಿ ಆಯೋಗದ ೨೦೨೧ರ ವರದಿಯೇ ಅಂದಾಜು ಮಾಡಿತ್ತು. ಶಕ್ತಿ ಕಡಿಮೆಯಾದುದರಿಂದ ಇಂಥ ಇಂಧನವನ್ನು ಸಾಮಾನ್ಯ ಪೆಟ್ರೋಲಿಗಿಂತ ಅಗ್ಗವಾಗಿ ಮಾರಬೇಕೆಂದೂ ಅದೇ ವರದಿ ಸಲಹೆ ಮಾಡಿತ್ತು. ೨೦೨೫ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಮಂತ್ರಾಲಯದವರು ಮೈಲೇಜಿನ ಇಳಿತವು ಅಲ್ಪವೆಂದೂ, ಹಳೆಯ ಗಾಡಿಗಳಲ್ಲಿ ಕೆಲವು ರಬ್ಬರಿನ ಭಾಗಗಳನ್ನು ಬದಲಿಸಬೇಕಾಗಬಹುದೆಂದೂ, ಎಥೆನಾಲಿನ ಬೆಲೆಯೇ ಏರಿರುವುದೆಂದೂ ವಿವರಣೆ ಕೊಟ್ಟರು. ಅಲ್ಪವೋ ಅಧಿಕವೋ, ಅದನ್ನು ತೆರುವವನು ಯಾರು? ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವ ಗುಮಾಸ್ತನೇ. ರೈತನಿಗೆ ಕೊಡುವ ಸಹಾಯವನ್ನು ರಾಷ್ಟ್ರದ ಬೊಕ್ಕಸದಿಂದ ಕೊಡುವುದು ಧರ್ಮ. ಗುಮಾಸ್ತನ ಜೇಬಿನಿಂದ ಹೇಳದೆ ತೆಗೆದು ಕೊಡುವುದು ಧರ್ಮವಲ್ಲ. ಹಾಗೆ ಮಾಡಿದರೆ ಹಳ್ಳಿಗೂ ಪಟ್ಟಣಕ್ಕೂ ಇಲ್ಲದ ವೈರವನ್ನು ಹುಟ್ಟಿಸಿದಂತಾಗುವುದು.

ಪ್ರಜೆಯ ಮೇಲೆ ಕಾಯಿದೆಯ ಕೈ ಎಷ್ಟು ಬಿಗಿಯಾಗಿದೆಯೆಂಬುದನ್ನೂ ನೋಡಬೇಕು. ಎಮಿಷನ್ ಟೆಸ್ಟಿನ ಚೀಟಿಯಿಲ್ಲದೆ ಸಿಕ್ಕಿಬಿದ್ದವನಿಗೆ ೨೦೧೯ರ ತಿದ್ದುಪಡಿಯಂತೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ ಬೀಳಬಹುದು. ಆ ಪರೀಕ್ಷೆಯೋ, ನಿಂತ ಗಾಡಿಯ ಹೊಗೆಕೊಳವೆಗೆ ನಳಿಗೆಯಿಟ್ಟು ನೋಡುವಂಥದು. ಫೋಕ್ಸ್‌ವ್ಯಾಗನ್ನಿನವರು ಅಡಗಿಸಿದ ನೈಟ್ರೋಜನ್ ಆಕ್ಸೈಡುಗಳನ್ನು ಅದು ಅಳೆಯುವುದೇ ಇಲ್ಲ. ಕಂಪೆನಿಗಳ ಮೇಲೂ ಕಾಯಿದೆ ಇಲ್ಲವೆಂದಲ್ಲ. ಅದೇ ತಿದ್ದುಪಡಿಯಿಂದ ಮೋಟಾರು ವಾಹನಗಳ ಕಾಯಿದೆಗೆ ಸೇರಿದ ೧೧೦-ಎ ಕಲಮಿನಂತೆ, ಪರಿಸರಕ್ಕಾಗಲಿ ಪ್ರಯಾಣಿಕರಿಗಾಗಲಿ ಹಾನಿ ತರುವ ದೋಷಗಳುಳ್ಳ ಗಾಡಿಗಳನ್ನು ಹಿಂದಕ್ಕೆ ಕರೆಸಿ, ಪೂರ್ಣ ಬೆಲೆಯನ್ನು ಮರಳಿಸುವಂತೆಯೋ ಗಾಡಿಯನ್ನು ಬದಲಿಸುವಂತೆಯೋ ಸರಿಪಡಿಸುವಂತೆಯೋ ಮಾಡಿಸುವ ಅಧಿಕಾರವು ಕೇಂದ್ರ ಸರಕಾರಕ್ಕಿದೆ. ೨೦೨೧ರ ಏಪ್ರಿಲಿನಿಂದ ಇದರ ನಿಯಮಗಳು ಜಾರಿಯಲ್ಲಿವೆ. ಆದರೆ ಇಂತಿಷ್ಟು ಒಡೆಯರು ದೂರು ಕೊಟ್ಟ ಮೇಲೆಯೇ ವಿಚಾರಣೆ ಎಂಬ ಲೆಕ್ಕವನ್ನು ಇಟ್ಟುದರಿಂದ, ಚದರಿಹೋಗಿರುವ ಒಡೆಯರಿಗೆ ಅದು ಎಟುಕದ ಹಣ್ಣಾಗಿದೆ. ಪದೇ ಪದೇ ಕೆಡುವ ಹೊಸ ಗಾಡಿಗೆ ಪ್ರತಿಯಾಗಿ ಬೇರೆ ಗಾಡಿಯನ್ನೋ ಹಣವನ್ನೋ ಕೊಡಿಸುವ ಕಾಯಿದೆಯನ್ನು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನವು ೧೯೮೨ರಲ್ಲಿಯೇ ಮಾಡಿತು. ಅಲ್ಲಿ ಒಬ್ಬನೇ ಒಡೆಯನ ದೂರಿಗೂ ಬೆಲೆಯಿದೆ.

ಆದುದರಿಂದ ಸರಕಾರದವರು ಮಾಡತಕ್ಕ ಕಾರ್ಯಗಳು ಸ್ಪಷ್ಟವಾಗಿವೆ. ಎಥೆನಾಲ್ ಬೆರೆತ ಪೆಟ್ರೋಲಿನ ಬೆಲೆಯನ್ನು ಅದರ ಶಕ್ತಿಗೆ ತಕ್ಕಂತೆ ಇಳಿಸಬೇಕು. ಇಲ್ಲವೆ ಹಳೆಯ ಗಾಡಿಗಳವರಿಗೆ ಕಡಿಮೆ ಬೆರಕೆಯ ಪೆಟ್ರೋಲು ಅದೇ ಬೆಲೆಗೆ ದೊರೆಯುವಂತೆ ಮಾಡಬೇಕು. ತಾವು ಮಾರಿದ ಯಾವ ಗಾಡಿಗೆ ಯಾವ ಇಂಧನ ತಕ್ಕುದು, ಕೆಟ್ಟರೆ ಹೊಣೆ ಯಾರದು ಎಂಬುದನ್ನು ಕಂಪೆನಿಗಳಿಂದ ಬರಹದಲ್ಲಿ ಕೊಡಿಸಬೇಕು. ಗಾಡಿಗಳ ದೂರುಗಳನ್ನೂ, ೨೦೨೩ರಿಂದ ರಸ್ತೆಯ ಮೇಲೆ ನಡೆಯುತ್ತಿರುವ ಹೊಗೆ ಪರೀಕ್ಷೆಯ ಫಲಿತಾಂಶಗಳನ್ನೂ ಒಂದೊಂದು ಮಾದರಿಗೂ ಬೇರೆಯಾಗಿ, ಎಲ್ಲರೂ ಓದುವಂತೆ ಪ್ರಕಟಿಸಬೇಕು. ಮೋಸವು ಸಿದ್ಧಪಟ್ಟಾಗ ಹಣವನ್ನು ಮರಳಿ ಪಡೆಯುವ ಆಯ್ಕೆಯು ಕೊಂಡವನದಾಗಬೇಕೇ ಹೊರತು ಮಾರಿದವನದಾಗಬಾರದು.

ನಿಬಂಧನೆಗಳು ಬಿಗಿಯಾಗಲಿ; ಜನರು ಅವಕ್ಕೆ ತಲೆಬಾಗುವರು. ಆದರೆ ಯಂತ್ರವನ್ನು ಮಾಡಿದವನೂ ಇಂಧನವನ್ನು ಬೆರೆಸಿದವನೂ ಸುಖವಾಗಿದ್ದು, ಇಬ್ಬರನ್ನೂ ನಂಬಿ ಹಣ ಕೊಟ್ಟವನು ಮಾತ್ರ ದಂಡ ತೆರುತ್ತಿರುವವರೆಗೆ ಯಾವ ಕಾಯಿದೆಯ ಮೇಲೂ ಜನರಿಗೆ ವಿಶ್ವಾಸ ಹುಟ್ಟಲಾರದು. ಜನರ ವಿಶ್ವಾಸವಿಲ್ಲದ ಕಾಯಿದೆಯಿಂದ ಗಾಳಿಯೂ ಶುದ್ಧವಾಗಲಾರದು. ಅಧಿಕಾರದಲ್ಲಿರುವವರು ಇದನ್ನು ಬೇಗನೆ ಮನಗಾಣುವರೆಂದು ಆಶಿಸುತ್ತೇವೆ.