ಸಾವಂದಿಯ ಬೆಟ್ಟವೂ ಸೇಲಂ ಊರಿನ ಕಡತವೂ

ಮಾಗಡಿ ಸೀಮೆಯ ಸಾವನದುರ್ಗಕ್ಕೆ ಬರುವವರಲ್ಲಿ ಬಹಳ ಮಂದಿ ಬೆಟ್ಟದ ಬುಡ ಮುಟ್ಟುವ ಮೊದಲೇ ಒಂದು ಮಾತು ಕೇಳಿರುತ್ತಾರೆ: ‘ಇದು ಸಾವಿನ ದುರ್ಗ.’ 1226 ಮೀಟರ್ ಎತ್ತರದ ಆ ಬೋಳು ಬಂಡೆಯನ್ನು ಕತ್ತೆತ್ತಿ ನೋಡಿದವರಿಗೆ ಹೆಸರು ಸರಿಯಾಗಿಯೇ ಇದೆ ಎನಿಸಿದರೆ ಆಶ್ಚರ್ಯವಿಲ್ಲ. ಕಾಲು ಜಾರಿದರೆ ಹಿಡಿಯಲು ಹುಲ್ಲುಕಡ್ಡಿಯೂ ಸಿಗದ ಜಾಗಗಳು ಅಲ್ಲಿವೆ.

ಆದರೆ ಹೆಸರಿನ ಜಾತಕವೇ ಬೇರೆ. ಹೊಯ್ಸಳರ ಮೂರನೆಯ ಬಲ್ಲಾಳನ ಕಾಲದ, 1340ರ ಮಾಡಬಾಳಿನ ಶಾಸನದಲ್ಲಿ ಇದರ ಹೆಸರು ‘ಸಾವಂದಿ’. ಬೆಟ್ಟದ ಬುಡದಲ್ಲಿರುವ ದೇವರು ಇಂದಿಗೂ ಸಾವಂದಿ ವೀರಭದ್ರಸ್ವಾಮಿಯೇ. ಸಾಮಂತರಾಯನೆಂಬ ಅಧಿಕಾರಿಯಿಂದ ‘ಸಾಮಂತದುರ್ಗ’ ಎಂಬ ಹೆಸರು ಬಂತೆಂದು ಹೇಳುವವರೂ ಉಂಟು. ಅದಕ್ಕೆ ಶಾಸನದ ಆಧಾರವಿಲ್ಲ. ಟಿಪ್ಪುವಿನ ಕೈಯಲ್ಲಿದ್ದ ಈ ಕೋಟೆಯನ್ನು 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಹಿಡಿಯಿತು. ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಮೈಸೂರು ಸೀಮೆಯ ಚಿತ್ರಗಳ ಪುಸ್ತಕದಲ್ಲಿ ಇದನ್ನು ‘ಸಾವಿನ ದುರ್ಗ’ ಎಂದು ಬರೆದ. ಒಂದು ಗುಣಿಸು ಬದಲಾಯಿತು, ಬೆಟ್ಟ ಕೊಲೆಗಾರನಾಯಿತು!

ಬೆಟ್ಟಕ್ಕೇನೂ ನಷ್ಟವಿಲ್ಲ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲೆ ಅದು. ರಾಮನಗರದ ಹಳೆಯ ಹೆಸರೇ ಕ್ಲೋಸ್‌ಪೇಟೆ. ಸುಮಾರು 250 ಕೋಟಿ ವರ್ಷಗಳಿಂದ ಇರುವ ಬಂಡೆಗೆ ಯಾರು ಏನು ಕರೆದರೂ ನೋವಾಗದು. ಆದರೆ ಇಂಥದೇ ಒಂದು ಹೆಸರು ಹಳ್ಳಿಯ ಒಬ್ಬ ಬಡ ಹೆಂಗಸಿಗೆ ಅಂಟಿಕೊಂಡರೆ? ‘ಅವಳು ಮಾಟಗಾತಿ’ ಎಂದು ಒಬ್ಬರು ಹೇಳಿ, ಹತ್ತು ಜನ ಒಪ್ಪಿ, ನ್ಯಾಯಾಧೀಶರೂ ತಲೆದೂಗಿದರೆ?

ಅಮೆರಿಕಾದ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಆದದ್ದು ಇದೇ. (ತಮಿಳುನಾಡಿನ ಸೇಲಂ ಅಲ್ಲ.) ಆಗ ಅದು ಇಂಗ್ಲಿಷರ ವಸಾಹತು. 1692ರ ಆರಂಭದಲ್ಲಿ ಸೇಲಂ ಹಳ್ಳಿಯ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸನ ಮನೆಯಲ್ಲಿ ಅವನ ಒಂಬತ್ತು ವರ್ಷದ ಮಗಳೂ, ಅವಳಿಗಿಂತ ಸ್ವಲ್ಪ ದೊಡ್ಡವಳಾದ ಸಂಬಂಧಿಕರ ಹುಡುಗಿಯೂ ವಿಚಿತ್ರವಾಗಿ ಮೈ ತಿರುಚಿಕೊಳ್ಳತೊಡಗಿದರು, ಚೀರತೊಡಗಿದರು. ಯಾರ ಕೈವಾಡ ಎಂದು ದೊಡ್ಡವರು ಕೇಳಿದರು. ಹೆಸರುಗಳು ಹೊರಬಂದವು. ಮೊದಲು ಸಿಕ್ಕಿದವರು ಮೂವರು: ಮನೆಯ ಗುಲಾಮ ಹೆಂಗಸು ಟಿಟುಬಾ, ತಿರಿದು ತಿನ್ನುತ್ತಿದ್ದ ಸಾರಾ ಗುಡ್, ಕಾಯಿಲೆಯಿಂದ ನರಳುತ್ತಿದ್ದ ಸಾರಾ ಆಸ್ಬರ್ನ್. ಮೂವರ ಬೆನ್ನಿಗೆ ನಿಲ್ಲುವವರು ಊರಿನಲ್ಲಿ ಹೆಚ್ಚು ಮಂದಿ ಇರಲಿಲ್ಲ.

ಅಲ್ಲಿಂದ ಬೆಂಕಿ ಹಬ್ಬಿತು. ಆಪಾದನೆಗೆ ಗುರಿಯಾದವರು ನೂರೈವತ್ತಕ್ಕೆ ಕಡಿಮೆಯಿಲ್ಲ. ಸಾರಾ ಗುಡ್‌ಳ ನಾಲ್ಕೈದು ವರ್ಷದ ಮಗಳನ್ನೂ ಸರಪಳಿ ಹಾಕಿ ತಿಂಗಳುಗಟ್ಟಲೆ ಸೆರೆಯಲ್ಲಿಟ್ಟರು. 14 ಹೆಂಗಸರು, 5 ಗಂಡಸರು ಗಲ್ಲಿಗೇರಿದರು. ಬಾಯಿ ಬಿಡಿಸಲೆಂದು ಜೈಲ್ಸ್ ಕೋರಿ ಎಂಬ ಮುದುಕನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಸಾಕ್ಷಿ ಎಂಥದು? ‘ಅವಳ ಛಾಯೆ ಬಂದು ನನ್ನನ್ನು ಚಿವುಟಿತು’ ಎಂಬುದೂ ಸಾಕ್ಷಿ! ಛಾಯೆ ಕಾಣಿಸುವುದು ಹೇಳುವವರಿಗೆ ಮಾತ್ರ. ಇನ್ನೂ ವಿಚಿತ್ರವೆಂದರೆ, ‘ಹೌದು, ನಾನು ಮಾಟಗಾತಿ’ ಎಂದು ಸುಳ್ಳು ಒಪ್ಪಿಕೊಂಡು ಆ ಮಾತಿಗೇ ನಿಂತವರಲ್ಲಿ ಒಬ್ಬರನ್ನೂ ಗಲ್ಲಿಗೇರಿಸಲಿಲ್ಲ. ಸತ್ಯಕ್ಕೆ ನಿಂತವರು ಸತ್ತರು.

ಇದೆಲ್ಲ ಹೇಗೆ ಸಾಧ್ಯವಾಯಿತು? ಮುನ್ನೂರು ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆ. 1976ರಲ್ಲಿ ಲಿಂಡಾ ಕ್ಯಾಪೊರೆಲ್ ಎಂಬ ಸಂಶೋಧಕಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಉತ್ತರ ಮುಂದಿಟ್ಟಳು. ರೈ ಎಂಬ ಧಾನ್ಯದ ತೆನೆಗೆ ಎರ್ಗಟ್ ಎಂಬ ಶಿಲೀಂಧ್ರ ಹತ್ತುತ್ತದೆ. ನಮ್ಮ ಸಜ್ಜೆಯ ತೆನೆಗೂ ಇದೇ ಜಾತಿಯ ರೋಗ ಬರುವುದನ್ನು ರೈತರು ಬಲ್ಲರು. ಅಂಥ ಕಾಳಿನ ರೊಟ್ಟಿ ತಿಂದರೆ ಸೆಳೆತ, ಭ್ರಮೆ ಉಂಟಾಗಬಹುದು. ಹುಡುಗಿಯರಿಗೆ ಆದದ್ದು ಅದೇ ಇರಬಹುದೆ? ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಅದೇ ವರ್ಷ ಅದೇ ಪತ್ರಿಕೆಯಲ್ಲಿ ಸ್ಪಾನೋಸ್ ಮತ್ತು ಗಾಟ್ಲೀಬ್ ಎಂಬ ಇಬ್ಬರು ಇದನ್ನು ಅಲ್ಲಗಳೆದರು. ಒಂದೇ ಮನೆಯಲ್ಲಿ ಒಂದೇ ರೊಟ್ಟಿ ತಿಂದವರಲ್ಲಿ ಕೆಲವರಿಗೆ ಮಾತ್ರ ಏಕೆ ಹಾಗಾಯಿತು? ಆಪಾದಿತರನ್ನು ಎದುರಿಗೆ ತಂದಾಗ ಸೆಳೆತ ಬಂದು, ಅವರು ಮುಟ್ಟಿದರೆ ನಿಲ್ಲುವುದು ಯಾವ ವಿಷದ ಲಕ್ಷಣ? ವಿಜ್ಞಾನದ ಅಂಗಿ ತೊಟ್ಟ ವಿವರಣೆಯನ್ನೂ ಪರೀಕ್ಷಿಸದೆ ಒಪ್ಪಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಈ ಕಡತಗಳ ಮುಂದೆ ತಾಳ್ಮೆಯಿಂದ ಕುಳಿತವರಲ್ಲಿ ಮೇರಿ ಬೆತ್ ನಾರ್ಟನ್ ಒಬ್ಬರು. 1943ರಲ್ಲಿ ಹುಟ್ಟಿದ ಈಕೆ 1969ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದು, 1971ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿನ ಇತಿಹಾಸ ವಿಭಾಗಕ್ಕೆ ಬಂದ ಮೊದಲ ಮಹಿಳೆ. ಮೊದಲು ಅಮೆರಿಕಾದ ಕ್ರಾಂತಿ, ಆಮೇಲೆ ಆ ಕಾಲದ ಹೆಣ್ಣುಮಕ್ಕಳ ಬಾಳು, ಅಲ್ಲಿಂದ ಹಿಂದಕ್ಕೆ ಹದಿನೇಳನೆಯ ಶತಮಾನ. ಹೀಗೆ ಸಾಗಿ ಸೇಲಂ ಕುರಿತ ದೊಡ್ಡ ಪುಸ್ತಕ ಪ್ರಕಟಿಸುವ ಹೊತ್ತಿಗೆ 2002 ಆಗಿತ್ತು. ಅಮೆರಿಕಾದ ಇತಿಹಾಸಕಾರರ ಸಂಘದ ಅಧ್ಯಕ್ಷರಾದದ್ದು 2018ರಲ್ಲಿ.

ಅವರ ವಿಧಾನದಲ್ಲಿ ಮಂತ್ರವಿಲ್ಲ. ಯಾರು, ಯಾವ ದಿನ, ಯಾರ ಮೇಲೆ, ಏನು ಹೇಳಿದರು ಎಂಬುದನ್ನು ತಾರೀಖಿನ ಪ್ರಕಾರ ಜೋಡಿಸಿದರು. ಏಪ್ರಿಲ್ ಮಧ್ಯದ ನಂತರ ಆಪಾದನೆಗಳು ಇದ್ದಕ್ಕಿದ್ದಂತೆ ಏರಿದ್ದು ಕಂಡಿತು. ಆ ದಿನಗಳಲ್ಲಿ ಅಬಿಗೈಲ್ ಹಾಬ್ಸ್ ಎಂಬ ಹುಡುಗಿ, ತನಗೆ ಸೈತಾನ ಸಿಕ್ಕಿದ್ದು ಉತ್ತರದ ಮೇನ್ ಗಡಿಯಲ್ಲಿ ಎಂದಿದ್ದಳು. ಆ ಗಡಿಯಲ್ಲಿ 1688ರಿಂದ ಮೂಲನಿವಾಸಿಗಳೊಡನೆ ಯುದ್ಧ ನಡೆದಿತ್ತು, ಊರುಗಳು ಸುಟ್ಟಿದ್ದವು. ಆಪಾದಿಸಿದ ಹುಡುಗಿಯರಲ್ಲಿ ಕೆಲವರು ಅಲ್ಲಿ ತಮ್ಮವರನ್ನು ಕಳೆದುಕೊಂಡು ಬಂದವರು. ಗಡಿಯನ್ನು ಕಾಯಲಾಗದೆ ಸೋತ ಮುಖಂಡರಲ್ಲಿ ಕೆಲವರು ಇತ್ತ ನ್ಯಾಯಪೀಠದಲ್ಲಿದ್ದರು. ಸೋಲಿಗೆ ಸೈತಾನನೇ ಕಾರಣ ಎನ್ನುವುದಾದರೆ ತಮ್ಮ ಮೇಲೆ ತಪ್ಪು ಬರುವುದಿಲ್ಲವಲ್ಲ! ನಾರ್ಟನ್ ಕಂಡುಕೊಂಡ ಸಂಬಂಧ ಇದು. ಎಲ್ಲ ವಿದ್ವಾಂಸರೂ ಇದೊಂದನ್ನೇ ಕಾರಣವೆಂದು ಒಪ್ಪುವುದಿಲ್ಲ. ಆದರೆ ಹೆದರಿದ ಊರು ತನ್ನ ಹೆದರಿಕೆಗೆ ಒಬ್ಬರ ಮುಖ ಹುಡುಕುತ್ತದೆ ಎಂಬುದು ಅವರ ಪುಸ್ತಕದಿಂದ ಸ್ಪಷ್ಟವಾಗುತ್ತದೆ.

ಇದು ದೂರದ ಕಥೆಯೆಂದು ಮಡಿಸಿಡುವಂತಿಲ್ಲ. ಬೀದರ್, ಕಲಬುರಗಿ ಸೀಮೆಯವರಿಗೆ ‘ಭಾನಾಮತಿ’ ಎಂದರೆ ಸಾಕು, ಬಿಡಿಸಿ ಹೇಳಬೇಕಿಲ್ಲ. ಬಟ್ಟೆಗೆ ತಾನಾಗಿ ಬೆಂಕಿ ಹತ್ತಿತು, ಮನೆಯ ಮೇಲೆ ಕಲ್ಲು ಬಿದ್ದವು, ಸೊಸೆ ನಾಯಿಯಂತೆ ಬೊಗಳಿದಳು. ಮರುಕ್ಷಣವೇ ‘ಮಾಡಿಸಿದವರು ಯಾರು?’ ಎಂಬ ಪ್ರಶ್ನೆ. ಮಂತ್ರ ಹೇಳದಂತೆ ಶಂಕಿತರ ಹಲ್ಲು ಕಿತ್ತದ್ದೂ ಗಡಿಯಾಚೆಯ ತೆಲಂಗಾಣದ ಹಳ್ಳಿಗಳಲ್ಲಿ ನಡೆದಿದೆ. ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವ ಸಮಿತಿ ರಚಿಸಿದರು. ಬೈಗುಳ ಬಂದರೂ ಪ್ರಶ್ನಿಸುವುದನ್ನು ಬಿಡಲಿಲ್ಲ. ನಿಮ್ಹಾನ್ಸ್‌ನ ಮನೋವೈದ್ಯ ಸಿ. ಆರ್. ಚಂದ್ರಶೇಖರ್, ಮೈಮೇಲೆ ಬರುವುದರ ಹಿಂದಿನ ಮನಸ್ಸಿನ ನೋವನ್ನು ಸರಳ ಕನ್ನಡದಲ್ಲಿ ಬಿಡಿಸಿ ಹೇಳಿದರು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದನ್ನು ಅಪರಾಧವೆಂದು ಸಾರಿದ ರಾಜ್ಯದ ಕಾಯ್ದೆ 2017ರದು. ಅದು ಜಾರಿಗೆ ಬಂದದ್ದು 2020ರಲ್ಲಿ. ಕಾಯ್ದೆ ಪೊಲೀಸರ ಕೈಗೆ ಬಲ ಕೊಡಬಹುದು. ಆದರೆ ಪಿಸುಮಾತು ಹುಟ್ಟುವ ಜಗಲಿಗೆ ಪೊಲೀಸರು ಬರಲಾರರು. ಅಲ್ಲಿ ‘ನೀನು ಕಣ್ಣಾರೆ ಕಂಡೆಯಾ?’ ಎಂದು ಕೇಳಲು ಮನೆಯವರೇ ಬೇಕು.

ಸೇಲಂ ಪ್ರಕರಣದ ಕೊನೆಯ ಪುಟ ಬರೆದವರು ಯಾರು ಗೊತ್ತೆ? ಶಾಲೆಯ ಮಕ್ಕಳು. ಎಲಿಜಬೆತ್ ಜಾನ್ಸನ್ ಎಂಬಾಕೆಗೆ 1693ರಲ್ಲಿ ಮರಣದಂಡನೆ ವಿಧಿಸಿದ್ದರು. ಆಕೆ ಗಲ್ಲಿನಿಂದ ಪಾರಾದಳು, ಆದರೆ ಅಪರಾಧಿಯೆಂಬ ಹೆಸರು ಉಳಿಯಿತು. ಉಳಿದವರ ಕಳಂಕವನ್ನು ಸರ್ಕಾರ ಒಂದೊಂದಾಗಿ ತೊಡೆದಾಗಲೂ ಆಕೆಯ ಹೆಸರು ಬಿಟ್ಟುಹೋಯಿತು. ಆಕೆಗೆ ಮಕ್ಕಳಿರಲಿಲ್ಲ, ಕೇಳುವ ವಂಶಸ್ಥರಿರಲಿಲ್ಲ. ಕೊನೆಗೆ ನಾರ್ತ್ ಆಂಡೋವರ್ ಊರಿನ ಎಂಟನೆಯ ತರಗತಿಯ ವಿದ್ಯಾರ್ಥಿಗಳು ತಮ್ಮ ಶಿಕ್ಷಕಿಯೊಡನೆ ಹಳೆಯ ದಾಖಲೆ ಓದಿ, ಶಾಸನಸಭೆಗೆ ಬರೆದು, 2022ರಲ್ಲಿ ಆ ಹೆಸರನ್ನು ತೊಳೆಸಿದರು. 329 ವರ್ಷಗಳ ಮೇಲೆ!

ಮುಂದಿನ ಸಲ ಸಾವನದುರ್ಗಕ್ಕೆ ಹೋದಾಗ ‘ಸಾವಿನ ದುರ್ಗವಂತೆ’ ಎಂದು ಮಕ್ಕಳು ಹೇಳಿದರೆ, ವೀರಭದ್ರಸ್ವಾಮಿಯ ಹೆಸರನ್ನು ನೆನಪಿಸಿ, ಮಾಡಬಾಳಿನ ಶಾಸನದ ಮಾತನ್ನೂ ಹೇಳಿ. ಒಂದು ಬೆಟ್ಟದ ಹೆಸರನ್ನು ಪರೀಕ್ಷಿಸಿ ನೋಡಲು ಕಲಿತ ಮಗು, ನಾಳೆ ಬೀದಿಯ ಕೊನೆಯ ಮನೆಯ ಅಜ್ಜಿಯ ಬಗ್ಗೆ ಊರು ಆಡಿಕೊಳ್ಳುವುದನ್ನೂ ಪರೀಕ್ಷಿಸದೆ ನಂಬಲಾರದು.