ಮರದಣಬೆಯ ಗುರುತು ಅದರ ಅಡಿಯಲ್ಲಿದೆ

ಬಾದಾಮಿ ಸೀಮೆಯಲ್ಲಿ ಅಣಬೆ ನೋಡಲು ಹೋಗುತ್ತೇವೆಂದರೆ ಜನ ನಂಬುವುದು ಕಷ್ಟ. ವರ್ಷಕ್ಕೆ ಬೀಳುವುದೇ 600 ಮಿಲಿಮೀಟರ್ ಆಸುಪಾಸಿನ ಮಳೆ. ಆದರೆ ಕಟ್ಟಿಗೆ ತಿಂದು ಬದುಕುವ ಅಣಬೆಗೆ ದಿನವೂ ಮಳೆ ಬೇಕಿಲ್ಲ. ಅದರ ನಿಜವಾದ ದೇಹ ಮರದೊಳಗೆ ಸಣ್ಣ ಎಳೆಗಳಾಗಿ ಹಬ್ಬಿರುತ್ತದೆ. ಬೊಡ್ಡೆಗೆ ಅಂಟಿಕೊಂಡು ಗೋಡೆಯ ಹಲಗೆಯಂತೆ ಹೊರಚಾಚಿ ನಿಂತ ಗಟ್ಟಿ ಭಾಗ ಬೀಜಕಣ ಉದುರಿಸಲು ಅದು ಬಿಟ್ಟ ಫಲ ಮಾತ್ರ. ಸೆಪ್ಟೆಂಬರ್ ಮಳೆ ಹಿಡಿದ ಮೇಲೆ ಮಹಾಕೂಟದ ಗುಡ್ಡದ ಹಾದಿಯಲ್ಲೋ ಹೊಲದ ಬದುವಿನಲ್ಲೋ ಒಣಗಿದ ಜಾಲಿ, ಬೇವು, ಹುಣಸೆಯ ಬೊಡ್ಡೆಗಳನ್ನು ನಿಧಾನವಾಗಿ ನೋಡುತ್ತ ಹೋಗುವುದು ಒಳ್ಳೆಯದು.

ಕಂಡ ಕೂಡಲೇ ನಾವು ಮೇಲಿನಿಂದ ಒಂದು ಫೋಟೊ ತೆಗೆದು ಹೆಸರು ಕೇಳುತ್ತೇವೆ. ಅದರಿಂದ ಹೆಸರು ಹೇಳುವುದು ಬಲ್ಲವರಿಗೂ ಕಷ್ಟ. ಮೇಲ್ಭಾಗದ ಬಣ್ಣ ಬಿಸಿಲಿಗೆ ಮಾಸುತ್ತದೆ, ಮಳೆಗೆ ಕಪ್ಪಾಗುತ್ತದೆ, ಪಾಚಿ ಹತ್ತಿದರೆ ಹಸಿರಾಗುತ್ತದೆ. ನೋಡಬೇಕಾದದ್ದು ಅಡಿಭಾಗ. ಕೀಳುವ ಅಗತ್ಯವಿಲ್ಲ, ಕೆಳಗೆ ಚಿಕ್ಕ ಕನ್ನಡಿ ಹಿಡಿದರೆ ಸಾಕು. ಅಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳಿವೆಯೇ, ಕಣ್ಣಿಗೆ ಎದ್ದು ಕಾಣುವ ಆರು ಮೂಲೆಯ ಕೋಣೆಗಳಿವೆಯೇ, ಇಲ್ಲವೇ ಒತ್ತಾಗಿ ಜೋಡಿಸಿದ ತೆಳು ಪದರಗಳಿವೆಯೇ? ಅರ್ಧ ಗುರುತು ಇಷ್ಟರಲ್ಲೇ ಸಿಕ್ಕಿತು. ಆರು ಮೂಲೆಯ ದೊಡ್ಡ ಕೋಣೆಗಳಿದ್ದರೆ ಅದು ಬಹುಮಟ್ಟಿಗೆ ಹೆಕ್ಸಗೋನಿಯಾ.

ಬಿಸಿಲಲ್ಲಿ ಬಿದ್ದ ಒಣ ಕೊಂಬೆಗಳ ಮೇಲೆ ಕೇಸರಿಗೆಂಪಿನ ತೆಳು ಅಣಬೆ ಕಂಡರೆ ಪಿಕ್ನೋಪೋರಸ್ ಇರಬಹುದು. ಮೇಲೆ ಬೂದುಬಣ್ಣಕ್ಕೆ ತಿರುಗಿದ್ದರೂ ಅದರ ಅಡಿಯಲ್ಲಿ ಕೆಂಪು ಉಳಿದಿರುತ್ತದೆ. ಮೇಲ್ಮೈ ವಾರ್ನಿಷ್ ಬಳಿದಂತೆ ಹೊಳೆಯುತ್ತಿದ್ದು, ಸುತ್ತಲೂ ಕಂದು ಪುಡಿ ಬಿದ್ದಿದ್ದರೆ ಗ್ಯಾನೊಡರ್ಮಾ. ಆ ಪುಡಿಯೇ ಅದರ ಬೀಜಕಣ. ಜಾಲಿಯ ಕಾಂಡದ ಮೇಲೆ ಗೊರಸಿನಾಕಾರದಲ್ಲಿ, ಬಿರುಕುಬಿಟ್ಟು, ಕಟ್ಟಿಗೆಯಷ್ಟೇ ಗಟ್ಟಿಯಾಗಿ ಕೂತಿರುವುದು ಫೆಲಿನಸ್ ಗುಂಪಿನದಾಗಿರುವ ಸಂಭವ ಹೆಚ್ಚು. ಕುಯ್ದರೆ ಒಳಗೆ ತುಕ್ಕಿನ ಬಣ್ಣ, ವರ್ಷ ವರ್ಷ ಬೆಳೆದ ಪದರಗಳು. ಶಾಲೆಯ ಪ್ರಯೋಗಾಲಯದಲ್ಲಿ ಶಿಕ್ಷಕರ ಕೈಯಿಂದ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿಸಿದರೆ ತಿರುಳು ಕಪ್ಪಾಗುತ್ತದೆ. ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಬಿ.ಕೆ. ಬಕ್ಷಿ ಭಾರತದ ಇಂಥ ಅಣಬೆಗಳ ಮೇಲೆ 1971ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು.

ನನಗೆ ಅತಿ ಹೆಚ್ಚು ಅಚ್ಚರಿ ತರುವುದು ಸ್ಕಿಜೋಫಿಲಮ್. ಬೆರಳುಗುರಿನಷ್ಟೇ ದೊಡ್ಡದು, ಬಿಳಿ, ನವಿರುಗೂದಲಿನ ಮೈ. ಅಡಿಯ ಪದರಗಳು ಉದ್ದಕ್ಕೂ ಸೀಳಿರುತ್ತವೆ. ಗಾಳಿ ಒಣಗಿದಾಗ ಆ ಸೀಳುಗಳು ಒಳಕ್ಕೆ ಸುರುಳಿಗೊಂಡು ಬೀಜಕಣ ಬಿಡುವ ಮುಖವನ್ನು ಮುಚ್ಚಿಕೊಳ್ಳುತ್ತವೆ, ಮಳೆ ಬಂದರೆ ಮತ್ತೆ ತೆರೆಯುತ್ತವೆ. ಕೆನಡಾದಲ್ಲಿ ಬುಲ್ಲರ್ ಎಂಬ ವಿಜ್ಞಾನಿ ಗಾಳಿ ತೆಗೆದ ಗಾಜಿನ ನಳಿಕೆಯಲ್ಲಿಟ್ಟ ಮಾದರಿಗಳು ದಶಕಗಳ ನಂತರ ನೀರು ಸಿಕ್ಕಾಗ ಜೀವ ತಳೆದವು. ನಮ್ಮ ಬಿಸಿಲಿಗೆ ತಕ್ಕ ಜೀವಿ ಇದು.

ಇಷ್ಟು ಗುರುತಿಸುವುದು ಯಾಕೆ? ನೆಲಕ್ಕೆ ಬಿದ್ದ ಮರದ ಮೇಲಿನ ಅಣಬೆ ಊರಿಗೆ ಉಪಕಾರಿ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನು ಪೂರ್ತಿ ಕರಗಿಸುವ ಶಕ್ತಿ ಮುಖ್ಯವಾಗಿ ಇಂಥ ಅಣಬೆಗಳಿಗಿದೆ. ನಮ್ಮ ಹೊಲಗಳಲ್ಲಿ ಹುತ್ತ ಕಟ್ಟುವ ಗೆದ್ದಲು ಕೂಡ ಈ ಕೆಲಸಕ್ಕೆ ಹುತ್ತದೊಳಗೆ ಅಣಬೆಯನ್ನೇ ಸಾಕುತ್ತದೆ. ಮರಳುಗಲ್ಲಿನ ಮೇಲಿನ ತೆಳುಮಣ್ಣಿಗೆ ಸಾರ ಮರಳುವುದು ಹೀಗೆ. ಆದ್ದರಿಂದ ಗುಡ್ಡದ ಪ್ರತಿಯೊಂದು ಒಣಬೊಡ್ಡೆಯನ್ನೂ ಒಲೆಗೆ ಹೊತ್ತು ತರುವುದು ಸರಿಯಲ್ಲ.

ಜೀವಂತ ಮರದ ಬುಡದಲ್ಲಿ ಅದೇ ಅಣಬೆ ಎದ್ದರೆ ಮಾತು ಬೇರೆ. ತೆಂಗು, ಅಡಿಕೆ ತೋಟದವರು ಅಣಬೆ ರೋಗ ಎನ್ನುವುದು ಗ್ಯಾನೊಡರ್ಮಾದ ಕೆಲಸ. ಹೊರಗೆ ಕಾಣುವಷ್ಟರಲ್ಲಿ ಬೇರು, ಬುಡ ಒಳಗೇ ಕೊಳೆತಿರುತ್ತದೆ. ಅಣಬೆಯನ್ನು ಕೆತ್ತಿ ಎಸೆದರೆ ರೋಗ ಹೋಗುವುದಿಲ್ಲ. ಗುಡಿಯ ಕಟ್ಟೆಯ ಬೇವಿನಲ್ಲೋ ಬಸ್ ನಿಲ್ದಾಣದ ಪಕ್ಕದ ಹುಣಸೆಯಲ್ಲೋ ಇದು ಕಂಡರೆ, ಗಾಳಿಮಳೆಗೆ ಮುಂಚೆ ಅರಣ್ಯ ಇಲಾಖೆಯವರಿಗೆ ತೋರಿಸಬೇಕು. ಗ್ಯಾನೊಡರ್ಮಾ ಔಷಧವೆಂದು ಮಾರಾಟವಾಗುತ್ತದೆ ಎಂದು ಕೇಳಿ, ಸಿಕ್ಕಿದ್ದನ್ನು ಕುದಿಸಿ ಕುಡಿಯಬೇಡಿ.

ಖಚಿತ ಹೆಸರು ಬೇಕಾದವರು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ ಸಸ್ಯರೋಗ ವಿಭಾಗದಲ್ಲಿ ವಿಚಾರಿಸಬಹುದು. ಮಾದರಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೂಸು ಹಿಡಿಯುತ್ತದೆ, ಹಳೆಯ ಪತ್ರಿಕೆಯಲ್ಲಿ ಸುತ್ತಿ. ಜೊತೆಗೆ ಚೀಟಿಯಲ್ಲಿ ಬರೆದಿಡಿ: ಯಾವ ಮರ, ಜೀವಂತವೋ ಒಣಗಿದ್ದೋ, ನೆಲದಿಂದ ಎಷ್ಟು ಎತ್ತರ, ಯಾವ ತಿಂಗಳು.